ನೀರಿನ ಪಾತ್ರೆಯಿಂದ ಸೌರ ಸ್ಥಿರಾಂಕದವರೆಗೆ: ಬಿಸಿಲಿನ ತೀವ್ರತೆಯನ್ನು ಅಳೆದ ಚರಿತ್ರೆ

ಭೌತವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಹೊರಗೆ, ಬಯಲಿನಲ್ಲಿ ನಿಂತು ಮಾಡುವ ಕೆಲವೇ ಪ್ರಯೋಗಗಳಲ್ಲಿ ಬಿಸಿಲಿನ ತೀವ್ರತೆಯ ಮಾಪನವೂ ಒಂದು. ಒಂದು ಮುಖಕ್ಕೆ ದೀಪದ ಮಸಿ ಬಳಿದ ತಗಡಿನ ಡಬ್ಬಿ, ಅದರೊಳಗೆ ತೂಕ ಮಾಡಿ ಹಾಕಿದ ನೀರು, ನೀರಿನಲ್ಲಿ ಅದ್ದಿದ ಉಷ್ಣತಾಮಾಪಕ, ಒಂದು ಗಡಿಯಾರ, ಇಷ್ಟಿದ್ದರೆ ಸಾಕು. ಮಸಿ ಬಳಿದ ಮುಖವನ್ನು ಸೂರ್ಯನಿಗೆ ನೇರವಾಗಿ ಹಿಡಿದು, ಐದೋ ಹತ್ತೋ ನಿಮಿಷಗಳಲ್ಲಿ ನೀರು ಎಷ್ಟು ಡಿಗ್ರಿ ಬಿಸಿಯಾಯಿತೆಂದು ನೋಡಿ, ನೀರಿನ ತೂಕದಿಂದ ಗುಣಿಸಿ, ಮುಖದ ವಿಸ್ತೀರ್ಣದಿಂದಲೂ ಕಾಲದಿಂದಲೂ ಭಾಗಿಸಿದರೆ ಉತ್ತರ ದೊರೆಯುತ್ತದೆ. ಈ ಉತ್ತರ ಸಾಮಾನ್ಯವಾಗಿ ಪಠ್ಯಪುಸ್ತಕದಲ್ಲಿ ಮುದ್ರಿತವಾದ ಅಂಕಿಗಿಂತ ಕಡಿಮೆ ಇರುತ್ತದೆ. ಉಪಕರಣ ಒರಟು, ಅದಕ್ಕೇ ಹೀಗಾಯಿತು ಎಂದು ಹೇಳಿ ಅಧ್ಯಾಪಕರು ಮುಂದಿನ ಪ್ರಯೋಗಕ್ಕೆ ಹೋಗುವುದು ವಾಡಿಕೆ.

ಈ ವಿವರಣೆ ಪೂರ್ಣವಾಗಿ ಸರಿಯಲ್ಲ. ಕೊರತೆಗೆ ಎರಡು ಕಾರಣಗಳಿವೆ. ಮೊದಲನೆಯದು, ಡಬ್ಬಿ ಬಿಸಿಲಿನಿಂದ ಪಡೆಯುವಾಗಲೇ ಸುತ್ತಲಿನ ಗಾಳಿಗೂ ಆಕಾಶಕ್ಕೂ ಉಷ್ಣವನ್ನು ಬಿಟ್ಟುಕೊಡುತ್ತಿರುತ್ತದೆ. ಎರಡನೆಯದು, ಡಬ್ಬಿಯನ್ನು ಮುಟ್ಟುವ ಮೊದಲೇ ವಾಯುಮಂಡಲವು ಬಿಸಿಲಿನ ಒಂದು ಪಾಲನ್ನು ಹೀರಿ, ಚದುರಿಸಿಬಿಟ್ಟಿರುತ್ತದೆ. ಬಿಸಿಲನ್ನು ಅಳೆದ ಸುಮಾರು ಇನ್ನೂರು ವರ್ಷಗಳ ಚರಿತ್ರೆಯು ಬಹುಮಟ್ಟಿಗೆ ಈ ಎರಡು ನಷ್ಟಗಳ ಲೆಕ್ಕವನ್ನು ಸರಿಪಡಿಸಿಕೊಂಡ ಚರಿತ್ರೆಯೇ ಆಗಿದೆ. ಉಪಕರಣಗಳು ಸೂಕ್ಷ್ಮವಾಗುತ್ತ ಬಂದಂತೆ ಉತ್ತರವೂ ಕ್ರಮವಾಗಿ ಸತ್ಯಕ್ಕೆ ಸಮೀಪಿಸಿತೆಂದು ಭಾವಿಸುವುದು ಸಹಜ. ಆದರೆ ನಡೆದದ್ದು ಹಾಗಲ್ಲ. ಒಂದು ಬೆಳ್ಳಿಯ ಡಬ್ಬಿ ಮತ್ತು ನೂರು ಗ್ರಾಮ್ ನೀರಿನಿಂದ 1838ರಲ್ಲಿ ದೊರೆತ ಅಂಕಿ, ಅನಂತರದ ಅರ್ಧ ಶತಮಾನದಲ್ಲಿ ಅತ್ಯಂತ ಸೂಕ್ಷ್ಮವಾದ ಉಪಕರಣದಿಂದ ದೊರೆತ ಅಂಕಿಗಿಂತ ಸತ್ಯಕ್ಕೆ ಎಷ್ಟೋ ಸಮೀಪವಾಗಿತ್ತು.

ವಾಯುಮಂಡಲದ ನಷ್ಟದ ಪ್ರಶ್ನೆಯನ್ನು ಮೊದಲು ಎತ್ತಿದವನು ಫ್ರಾನ್ಸಿನ ಪಿಯೇರ್ ಬುಗೇರ್. 1725ರಲ್ಲಿ ಅವನು ಚಂದ್ರನ ಬೆಳಕನ್ನು ಮೇಣದಬತ್ತಿಗಳ ಬೆಳಕಿಗೆ ಹೋಲಿಸಿ, ಚಂದ್ರನು ಆಕಾಶದಲ್ಲಿ ಕೆಳಗಿದ್ದಾಗ ಮತ್ತು ಮೇಲಿದ್ದಾಗ ಆ ಬೆಳಕು ಎಷ್ಟು ವ್ಯತ್ಯಾಸಗೊಳ್ಳುತ್ತದೆಂದು ಅಳೆದ. 1729ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಮುಖ್ಯವಾದ ಒಂದು ತತ್ತ್ವವಿದೆ. ಸಮಾನ ದಪ್ಪದ ಗಾಳಿಯ ಪದರಗಳು ಬೆಳಕಿನ ಸಮಾನ ಮೊತ್ತವನ್ನು ಕಳೆಯುವುದಿಲ್ಲ. ತಮ್ಮನ್ನು ತಲುಪಿದ ಬೆಳಕಿನ ಸಮಾನ ಅಂಶವನ್ನು ಕಳೆಯುತ್ತವೆ. ಮೊದಲ ಪದರ ನಾಲ್ಕನೆಯ ಒಂದು ಭಾಗವನ್ನು ತೆಗೆದುಕೊಂಡರೆ, ಎರಡನೆಯದು ಉಳಿದುದರಲ್ಲಿ ನಾಲ್ಕನೆಯ ಒಂದು ಭಾಗವನ್ನು ತೆಗೆದುಕೊಳ್ಳುತ್ತದೆ. 1760ರಲ್ಲಿ ಲ್ಯಾಂಬರ್ಟ್ ಇದಕ್ಕೆ ಗಣಿತದ ರೂಪ ಕೊಟ್ಟನು. ಆದರೆ ಇವರಿಬ್ಬರ ಅಳತೆಯೂ ಕಣ್ಣಿಗೆ ಕಾಣುವ ಬೆಳಕಿನದು. ಬಿಸಿಲಿನ ಉಷ್ಣ ಅವರ ವಿಚಾರದೊಳಗೆ ಬರಲಿಲ್ಲ.

ಉಷ್ಣದ ಕಡೆಗೆ ತಿರುಗಿದವನು ಜಿನೀವಾದ ಒರಾಸ್ ಬೆನೆಡಿಕ್ಟ್ ದ ಸೋಸ್ಯೂರ್. 1767ರಿಂದ ಅವನು ಗಾಜಿನ ಮುಚ್ಚಳಗಳ ಪೆಟ್ಟಿಗೆಗಳನ್ನು ಮಾಡಿ, ಬಿಸಿಲಿನಲ್ಲಿ ಅವು ಎಷ್ಟು ಕಾಯುತ್ತವೆಂದು ನೋಡತೊಡಗಿದ. ಅನಂತರ ಅಂತಹ ಒಂದು ಪೆಟ್ಟಿಗೆಯನ್ನು ಆಲ್ಪ್ಸ್ ಶ್ರೇಣಿಯ ಕ್ರಾಮಾಂ ಶಿಖರಕ್ಕೆ ಒಯ್ದನು. ಹೊರಗಿನ ಗಾಳಿ ಕಣಿವೆಗಿಂತ ಬಹಳ ತಣ್ಣಗಿದ್ದರೂ ಪೆಟ್ಟಿಗೆಯೊಳಗಿನ ಉಷ್ಣತೆ ಕಣಿವೆಯಲ್ಲಿದ್ದಷ್ಟೇ ಏರಿತು. ಬೆಟ್ಟದ ಮೇಲೆ ಚಳಿ ಇರುವುದು ಅಲ್ಲಿ ಬಿಸಿಲು ಕಡಿಮೆಯಾದುದರಿಂದ ಅಲ್ಲವೆಂಬುದು ಹೀಗೆ ಸಿದ್ಧವಾಯಿತು. ಆದರೂ ಆ ಪೆಟ್ಟಿಗೆ ಎಷ್ಟು ಉಷ್ಣವನ್ನು ಪಡೆಯಿತೆಂದು ಹೇಳುವ ಮಾರ್ಗ ಅವನ ಬಳಿ ಇರಲಿಲ್ಲ. ಪೆಟ್ಟಿಗೆ ಒಂದು ಮಟ್ಟಕ್ಕೆ ಕಾದು ನಿಲ್ಲುತ್ತದೆ. ನಿಂತ ಮಟ್ಟವು ಬಿಸಿಲನ್ನು ಅವಲಂಬಿಸಿದಷ್ಟೇ ಪೆಟ್ಟಿಗೆಯ ಗೋಡೆಗಳನ್ನೂ ಅವಲಂಬಿಸುತ್ತದೆ.

ಈ ತೊಡಕನ್ನು ಬಿಡಿಸಿದ ಉಪಾಯ ಇಂಗ್ಲೆಂಡಿನ ಜಾನ್ ಹರ್ಷೆಲ್‌ನದು. ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಬಿಟ್ಟು, ಎಷ್ಟು ಬೇಗ ಬಿಸಿಯಾಗುತ್ತದೆ ಎಂಬುದನ್ನು ನೋಡಬೇಕೆಂದು ಅವನು ಕಂಡುಕೊಂಡನು. 1825ರಲ್ಲಿ ಅವನು ರೂಪಿಸಿದ ಆಕ್ಟಿನೊಮೀಟರ್‌ನಲ್ಲಿ ಬಣ್ಣದ ದ್ರವವೊಂದು ಬಿಸಿಲಿಗೆ ಹಿಗ್ಗುವ ವೇಗವನ್ನು ಅಳೆಯಲಾಗುತ್ತಿತ್ತು. ಉಪಕರಣವನ್ನು ಸರದಿಯಂತೆ ನೆರಳಿನಲ್ಲಿಯೂ ಬಿಸಿಲಿನಲ್ಲಿಯೂ ಇಟ್ಟು, ಎರಡರ ವ್ಯತ್ಯಾಸವನ್ನು ತೆಗೆದುಕೊಳ್ಳುವುದು ಕ್ರಮ. ದಕ್ಷಿಣ ಗೋಳಾರ್ಧದ ನಕ್ಷತ್ರಗಳನ್ನು ಅಧ್ಯಯನ ಮಾಡಲು 1834ರಿಂದ 1838ರವರೆಗೆ ಗುಡ್‌ಹೋಪ್ ಭೂಶಿರದಲ್ಲಿದ್ದಾಗ ಹರ್ಷೆಲ್ ಇನ್ನೂ ಸರಳವಾಗಿ, ನೀರು ತುಂಬಿದ ತಗಡಿನ ಪಾತ್ರೆಯೊಂದನ್ನು ನೆತ್ತಿಯ ಬಿಸಿಲಿಗೆ ಒಡ್ಡಿ ಅಳೆದದ್ದೂ ಉಂಟು. ಇಂದಿನ ವಿದ್ಯಾರ್ಥಿಯ ಡಬ್ಬಿಗೆ ಇದು ನೇರ ಪೂರ್ವಜ.

ಅದೇ ಕಾಲದಲ್ಲಿ ಪ್ಯಾರಿಸ್‌ನಲ್ಲಿ ಕ್ಲೋಡ್ ಪೂಯೆ (1790–1868) ಇದೇ ಕಾರ್ಯದಲ್ಲಿ ತೊಡಗಿದ್ದನು. ಅವನು ಸೋರ್ಬಾನ್‌ನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ. ಮುಂದೆ 1852ರಲ್ಲಿ ಫ್ರಾನ್ಸಿನ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣವಚನ ಸ್ವೀಕರಿಸಲು ನಿರಾಕರಿಸಿ ಆ ಸ್ಥಾನವನ್ನು ಕಳೆದುಕೊಂಡವನು. ಅವನ ಉಪಕರಣಕ್ಕೆ ಅವನೇ ಪೈರ್‌ಹೀಲಿಯೊಮೀಟರ್ ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ಬೆಂಕಿ, ಸೂರ್ಯ, ಅಳತೆ ಎಂಬ ಮೂರು ಪದಗಳು ಅದರಲ್ಲಿ ಕೂಡಿವೆ. ಹತ್ತು ಸೆಂಟಿಮೀಟರ್ ವ್ಯಾಸದ, ಒಂದೂವರೆ ಸೆಂಟಿಮೀಟರ್‌ನಷ್ಟು ಎತ್ತರದ, ತೆಳುವಾದ ಬೆಳ್ಳಿಯ ಪಾತ್ರೆ. ಅದರಲ್ಲಿ ಸುಮಾರು ನೂರು ಗ್ರಾಮ್ ನೀರು. ಸೂರ್ಯನ ಕಡೆಯ ಮುಖಕ್ಕೆ ದೀಪದ ಮಸಿ. ಹಿಂಭಾಗದ ಕೊಳವೆಯೊಳಗೆ ಉಷ್ಣತಾಮಾಪಕ. ಕೊಳವೆಯ ಕೆಳತುದಿಯಲ್ಲಿ ಪಾತ್ರೆಯಷ್ಟೇ ವ್ಯಾಸದ ಒಂದು ಬಿಲ್ಲೆಯಿತ್ತು. ಪಾತ್ರೆಯ ನೆರಳು ಈ ಬಿಲ್ಲೆಯನ್ನು ಸರಿಯಾಗಿ ಮುಚ್ಚಿದರೆ ಮುಖವು ಸೂರ್ಯನಿಗೆ ನೇರವಾಗಿದೆಯೆಂದು ಅರ್ಥ. ನೀರು ಕದಡಲೆಂದು ಉಪಕರಣವನ್ನು ಅದರ ಅಕ್ಷದ ಸುತ್ತ ತಿರುಗಿಸುತ್ತಿರಬೇಕಾಗಿತ್ತು. ಯಾವ ಊರಿನ ಕಮ್ಮಾರನೋ ಅಕ್ಕಸಾಲಿಗನೋ ಮಾಡಿಕೊಡಬಹುದಾದ ಸಾಧನವಿದು.

ಪೂಯೆಯ ಹಿರಿಮೆ ಇರುವುದು ಈ ಪಾತ್ರೆಯಲ್ಲಿ ಅಲ್ಲ, ಅದನ್ನು ಅವನು ಬಳಸಿದ ರೀತಿಯಲ್ಲಿ. ಮೊದಲು ಪಾತ್ರೆಯನ್ನು ತೆರೆದ ಆಕಾಶದ ಕೆಳಗೆ, ಆದರೆ ಮರೆಯೊಂದರ ನೆರಳಿನಲ್ಲಿ, ಕೆಲವು ನಿಮಿಷ ಹಿಡಿದು ಅದು ಎಷ್ಟು ತಣಿಯುತ್ತದೆಂದು ಗುರುತಿಸುವುದು. ಬಳಿಕ ಮರೆಯನ್ನು ತೆಗೆದು ಐದು ನಿಮಿಷ ಬಿಸಿಲಿಗೆ ಒಡ್ಡುವುದು. ಮತ್ತೆ ಐದು ನಿಮಿಷ ನೆರಳು. ಮೊದಲ ಮತ್ತು ಕೊನೆಯ ನೆರಳುಗಳಲ್ಲಿ ಕಂಡ ತಣಿವಿನ ಸರಾಸರಿಯನ್ನು ಬಿಸಿಲಿನ ಏರಿಕೆಗೆ ಕೂಡಿಸಿದರೆ, ನಷ್ಟವೇ ಇಲ್ಲದಿದ್ದಲ್ಲಿ ನೀರು ಎಷ್ಟು ಬಿಸಿಯಾಗುತ್ತಿತ್ತೋ ಆ ಅಂಕಿ ದೊರೆಯುತ್ತದೆ. ಬಿಸಿಲಿನಲ್ಲಿದ್ದಾಗ ಪಾತ್ರೆ ಎಷ್ಟು ಉಷ್ಣವನ್ನು ಕಳೆದುಕೊಂಡಿತೆಂಬುದನ್ನು ನೆರಳೇ ಹೇಳುತ್ತದೆ. ಜೊತೆಗೆ, ಆಕಾಶದ ಚದುರಿದ ಬೆಳಕು ನೆರಳಿನಲ್ಲಿಯೂ ಪಾತ್ರೆಯ ಮೇಲೆ ಬೀಳುತ್ತಿರುವುದರಿಂದ ಅದೂ ಈ ಲೆಕ್ಕದಲ್ಲಿ ಕಳೆದುಹೋಗಿ, ಸೂರ್ಯನಿಂದ ನೇರವಾಗಿ ಬಂದ ಕಿರಣದ ಅಳತೆ ಮಾತ್ರ ಉಳಿಯುತ್ತದೆ. ವಿದ್ಯಾರ್ಥಿಗಳ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಹಂತ ಇದೇ.

ಎರಡನೆಯ ನಷ್ಟಕ್ಕೆ, ಎಂದರೆ ವಾಯುಮಂಡಲದ ನಷ್ಟಕ್ಕೆ, ಅವನು ಬುಗೇರ್‌ನ ತತ್ತ್ವವನ್ನು ಆಶ್ರಯಿಸಿದ. ಸೂರ್ಯ ನೆತ್ತಿಯ ಮೇಲಿದ್ದಾಗ ಕಿರಣವು ದಾಟುವ ಗಾಳಿಯ ದಪ್ಪವನ್ನು ಒಂದು ಎಂದಿಟ್ಟುಕೊಂಡರೆ, ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ಆ ದಪ್ಪ ಎರಡಾಗುತ್ತದೆ. ಒಂದೇ ನಿರ್ಮಲ ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆದರೆ, ಗಾಳಿಯ ದಪ್ಪ ಸೊನ್ನೆಯಾದಾಗ ಏನಾಗುತ್ತಿತ್ತೆಂದು ಲೆಕ್ಕ ಹಾಕಬಹುದು. ಅಂದರೆ ವಾಯುಮಂಡಲದ ಆಚೆಗೆ ಹೋಗದೆಯೇ ಅಲ್ಲಿನ ಬಿಸಿಲನ್ನು ತಿಳಿಯಬಹುದು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಗಾಳಿಯ ಒಂದು ದಪ್ಪವು ಬಿಸಿಲಿನ ನಾಲ್ಕರಲ್ಲಿ ಮೂರು ಪಾಲನ್ನು ಬಿಟ್ಟುಕೊಡುವ ದಿನದಂದು ಪೂಯೆಯ ಪಾತ್ರೆ ನೆತ್ತಿಯ ಸೂರ್ಯನಿಗೆ ಐದು ನಿಮಿಷಗಳಲ್ಲಿ 5.04 ಡಿಗ್ರಿ ಏರುತ್ತದೆ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ 3.78 ಡಿಗ್ರಿ ಏರುತ್ತದೆ. ಮೊದಲ ಸಂಖ್ಯೆಯ ವರ್ಗವನ್ನು ಎರಡನೆಯದರಿಂದ ಭಾಗಿಸಿದರೆ 6.72. ಗಾಳಿಯೇ ಇಲ್ಲದಿದ್ದರೆ ಪಾತ್ರೆ ಇಷ್ಟು ಡಿಗ್ರಿ ಏರುತ್ತಿತ್ತು. ಬೇರೆ ಬೇರೆ ದಿನಗಳಲ್ಲಿ ಗಾಳಿಯ ಪಾರದರ್ಶಕತೆ ಬದಲಾಗುತ್ತಿದ್ದರೂ ಈ 6.72 ಎಂಬ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಪೂಯೆ ಕಂಡನು. ಅದಕ್ಕಾಗಿಯೇ ಅವನು ಅದನ್ನು ಸ್ಥಿರಾಂಕವೆಂದು ಕರೆದದ್ದು. ಸೌರ ಸ್ಥಿರಾಂಕ ಎಂಬ ಹೆಸರು ಹುಟ್ಟಿದ್ದು ಹೀಗೆ.

ನೀರು ಮತ್ತು ಬೆಳ್ಳಿಯ ಒಟ್ಟು ಉಷ್ಣಧಾರಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಅವನು ಪಡೆದ ಉತ್ತರ, ಒಂದು ಚದರ ಸೆಂಟಿಮೀಟರಿಗೆ ಒಂದು ನಿಮಿಷಕ್ಕೆ 1.7633 ಕ್ಯಾಲೊರಿ. ಇಂದಿನ ಮಾನದಲ್ಲಿ ಇದು ಒಂದು ಚದರ ಮೀಟರಿಗೆ ಸುಮಾರು 1230 ವ್ಯಾಟ್. ಈಗ ಅಂಗೀಕೃತವಾಗಿರುವ ಬೆಲೆ 1361 ವ್ಯಾಟ್. ಪೂಯೆಯ ಅಂಕಿ ಇದಕ್ಕಿಂತ ನೂರಕ್ಕೆ ಹತ್ತರಷ್ಟು ಮಾತ್ರ ಕಡಿಮೆ. ಭೂಮಿಗೆ ಒಂದು ವರ್ಷದಲ್ಲಿ ಬಂದು ಬೀಳುವ ಉಷ್ಣವನ್ನು ಇಡೀ ಭೂಗೋಳದ ಮೇಲೆ ಸಮನಾಗಿ ಹಂಚಿದರೆ ಅದು ಸುಮಾರು 31 ಮೀಟರ್ ದಪ್ಪದ ಮಂಜುಗಡ್ಡೆಯ ಹೊದಿಕೆಯನ್ನು ಕರಗಿಸಬಲ್ಲದೆಂದು ಅವನು ಲೆಕ್ಕ ಹಾಕಿದನು. ಅಲ್ಲಿಗೇ ನಿಲ್ಲದೆ ಸೂರ್ಯನ ಉಷ್ಣತೆಯನ್ನೂ ನಿರ್ಣಯಿಸಲು ಹೋಗಿ 1461ರಿಂದ 1761 ಡಿಗ್ರಿಗಳೆಂದು ಹೇಳಿ ಎಡವಿದನು. ಆಗ ಪ್ರಚಲಿತವಾಗಿದ್ದ ವಿಕಿರಣದ ನಿಯಮವೇ ತಪ್ಪಾಗಿತ್ತು; ಅಳತೆ ತಪ್ಪಾಗಿರಲಿಲ್ಲ. 1879ರಲ್ಲಿ ಸ್ಟೆಫಾನ್ ಹೊಸ ನಿಯಮವನ್ನು ಮಂಡಿಸಿದ ಮೇಲೆ ಸೂರ್ಯನ ಉಷ್ಣತೆ 5,400 ಡಿಗ್ರಿಗಳ ಆಸುಪಾಸಿಗೆ ಬಂದಿತು.

ಹಾಗಾದರೆ ಉಳಿದ ಆ ಹತ್ತು ಪಾಲು ಎಲ್ಲಿ ಹೋಯಿತು? ಇದರ ಸುಳಿವು ಪೂಯೆಗಿಂತ ಮೊದಲೇ ನಡೆದ ಒಂದು ವೀಕ್ಷಣೆಯಲ್ಲಿತ್ತು. 1832ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಫೋರ್ಬ್ಸ್ ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರದಲ್ಲಿಯೂ ಅದರ ತಪ್ಪಲಿನ ಬ್ರೀನ್ಸ್‌ನಲ್ಲಿಯೂ ಏಕಕಾಲಕ್ಕೆ ಹರ್ಷೆಲ್‌ನ ಉಪಕರಣಗಳಿಂದ ಅಳತೆಗಳನ್ನು ನಡೆಸಿದ್ದನು. 1842ರಲ್ಲಿ ಪ್ರಕಟವಾದ ಅವನ ಪ್ರಬಂಧವು ಬುಗೇರ್‌ನ ತತ್ತ್ವಕ್ಕೆ ಒಂದು ತಿದ್ದುಪಡಿಯನ್ನು ಒಡ್ಡಿತು. ಬಿಸಿಲು ಒಂದೇ ಬಗೆಯ ಕಿರಣವಲ್ಲ, ಅನೇಕ ಬಗೆಗಳ ಮಿಶ್ರಣ. ಕೆಲವನ್ನು ಗಾಳಿ ಬೇಗ ಹೀರುತ್ತದೆ, ಕೆಲವನ್ನು ಹಾಗೆಯೇ ಬಿಡುತ್ತದೆ. ಬೇಗ ಹೀರಲ್ಪಡುವವು ಮೇಲಿನ ಪದರಗಳಲ್ಲಿಯೇ ಮುಗಿದುಹೋಗುವುದರಿಂದ, ಕೆಳಗೆ ನಿಂತು ಅಳೆಯುವವನಿಗೆ ಗಾಳಿಯ ನಷ್ಟ ವಾಸ್ತವಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ತಿದ್ದುಪಡಿ ಸರಿಯಾದುದೇ. ಆದರೆ ಅದನ್ನು ಎಷ್ಟರಮಟ್ಟಿಗೆ ಮಾಡಬೇಕೆಂಬುದು ತಿಳಿಯದೆ ಫೋರ್ಬ್ಸ್ 2.85 ಕ್ಯಾಲೊರಿಗೆ ಹೋಗಿ ಮುಟ್ಟಿದನು. 1875ರಲ್ಲಿ ಮೋಂ ಬ್ಲಾಂ ಪರ್ವತದಲ್ಲಿ ಅಳೆದ ವಿಯೋಲ್ 2.54 ಎಂದನು. ಭಾರತದಲ್ಲಿಯೂ ಈ ಬಗೆಯ ಅಳತೆಗಳು ಆಗಲೇ ಆರಂಭವಾಗಿದ್ದವು. 1869ರಲ್ಲಿ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಹೆನೆಸಿ ಎಂಬ ಅಧಿಕಾರಿ ಡೆಹ್ರಾಡೂನ್ ಮತ್ತು ಮಸ್ಸೂರಿಗಳಲ್ಲಿ ಆಕ್ಟಿನೊಮೀಟರ್ ವೀಕ್ಷಣೆಗಳನ್ನು ನಡೆಸಿದ್ದನು.

ಫೋರ್ಬ್ಸ್‌ನ ತರ್ಕವನ್ನು ಅದರ ಕೊನೆಯವರೆಗೆ ಒಯ್ದವನು ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ. ಕಿರಣಗಳು ಮಿಶ್ರವಾಗಿದ್ದರೆ ಅವುಗಳನ್ನು ಬಿಡಿಬಿಡಿಯಾಗಿಯೇ ಅಳೆಯಬೇಕು. ಬುಗೇರ್‌ನ ತತ್ತ್ವ ಒಂದೊಂದು ತರಂಗಾಂತರಕ್ಕೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಇದಕ್ಕಾಗಿ ಅವನು 1880ರ ಸುಮಾರಿಗೆ ಬೋಲೋಮೀಟರನ್ನು ರೂಪಿಸಿದನು. ಕೂದಲಿನಷ್ಟು ತೆಳುವಾದ ಲೋಹದ ಪಟ್ಟಿಯೊಂದು ಅತ್ಯಲ್ಪವಾಗಿ ಬಿಸಿಯಾದರೂ ಅದರ ವಿದ್ಯುತ್ ರೋಧ ಬದಲಾಗಿ ಗ್ಯಾಲ್ವನೋಮೀಟರಿನ ಮುಳ್ಳು ಸರಿಯುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ವಿಸ್ತಾರವಾದ ಪ್ರದೇಶವನ್ನು ಈ ಉಪಕರಣ ತೆರೆದು ತೋರಿಸಿತು. 1881ರಲ್ಲಿ ಅವನು ಕ್ಯಾಲಿಫೋರ್ನಿಯಾದ ವಿಟ್ನಿ ಪರ್ವತಕ್ಕೆ ಈ ಸಲಕರಣೆಗಳನ್ನೆಲ್ಲ ಹೊರಿಸಿಕೊಂಡು ಹೋಗಿ, ತಪ್ಪಲಿನ ಲೋನ್ ಪೈನ್ ಎಂಬಲ್ಲಿಯೂ ಪರ್ವತದ ಮೇಲಿನ ಶಿಬಿರದಲ್ಲಿಯೂ ಅಳತೆಗಳನ್ನು ಮಾಡಿದನು. 1884ರಲ್ಲಿ ಅವನು ಘೋಷಿಸಿದ ಬೆಲೆ 3 ಕ್ಯಾಲೊರಿ, ಎಂದರೆ ಸುಮಾರು 2090 ವ್ಯಾಟ್. ಸತ್ಯಕ್ಕಿಂತ ಇದು ಒಂದೂವರೆ ಪಟ್ಟು ಹೆಚ್ಚು. ಮುಂದಿನ ಎರಡು ದಶಕಗಳ ಪಠ್ಯಗ್ರಂಥಗಳಿಗೆ ಈ ಅಂಕಿಯೇ ಪ್ರಮಾಣವಾಯಿತು.

ತಪ್ಪು ಬೋಲೋಮೀಟರಿನದಾಗಿರಲಿಲ್ಲ. ತಪ್ಪಲಿನಲ್ಲಿ ಅಳೆದ ಅಂಕಿಗಳಿಂದ ಲೆಕ್ಕ ಹಾಕಿದಾಗ ಪರ್ವತದ ಮೇಲೆ ಇರಬೇಕಾದುದಕ್ಕಿಂತ ಅಲ್ಲಿ ನಿಜವಾಗಿ ಕಂಡ ಬಿಸಿಲು ಹೆಚ್ಚಾಗಿತ್ತು. ಆದ್ದರಿಂದ ಲೆಕ್ಕದ ಸೂತ್ರವು ಯಾವಾಗಲೂ ಕಡಿಮೆ ಹೇಳುತ್ತದೆಂದು ಭಾವಿಸಿ ಲ್ಯಾಂಗ್ಲಿ ಇನ್ನೊಂದು ತಿದ್ದುಪಡಿಯನ್ನು ಮೇಲೆ ಹೇರಿದನು. ನಿಜವಾದ ಕಾರಣ ಬೇರೆಯಾಗಿತ್ತು. ತಪ್ಪಲಿಗೂ ಪರ್ವತಕ್ಕೂ ನಡುವಿನ ಗಾಳಿ ಧೂಳು ಮತ್ತು ನೀರಾವಿಯಿಂದ ತುಂಬಿದ್ದು. ಇಡೀ ವಾಯುಮಂಡಲದ ಸರಾಸರಿ ಪಾರದರ್ಶಕತೆಯನ್ನು ಆ ಕೊಳಕು ಪದರಕ್ಕೆ ಅನ್ವಯಿಸುವಂತಿರಲಿಲ್ಲ. ಈ ಅನವಶ್ಯಕ ತಿದ್ದುಪಡಿಯನ್ನು ತೆಗೆದುಹಾಕಿದರೆ ಲ್ಯಾಂಗ್ಲಿಯದೇ ಅಳತೆಗಳು 2.1ರ ಆಸುಪಾಸಿನ ಬೆಲೆಯನ್ನು ಕೊಡುತ್ತವೆಂದು ತೋರಿಸಿದವನು ಅವನ ಉತ್ತರಾಧಿಕಾರಿಯಾದ ಚಾರ್ಲ್ಸ್ ಗ್ರೀಲಿ ಆಬಟ್. ಕಡಿಮೆ ಲೆಕ್ಕ ಹಾಕಿದ ನಷ್ಟ ಪೂಯೆಯನ್ನು ನೂರಕ್ಕೆ ಹತ್ತರಷ್ಟು ಕೆಳಗೆ ನಿಲ್ಲಿಸಿದ್ದರೆ, ಎರಡು ಸಲ ಲೆಕ್ಕ ಹಾಕಿದ ನಷ್ಟ ಲ್ಯಾಂಗ್ಲಿಯನ್ನು ಐವತ್ತರಷ್ಟು ಮೇಲಕ್ಕೆ ಒಯ್ದಿತ್ತು.

ಆಬಟ್ (1872–1973) ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದಲ್ಲಿ ತನ್ನ ದೀರ್ಘಾಯುಷ್ಯದ ಬಹುಭಾಗವನ್ನು ಈ ಒಂದು ಅಂಕಿಗಾಗಿಯೇ ವ್ಯಯಿಸಿದನೆಂದರೆ ಅತಿಶಯೋಕ್ತಿಯಲ್ಲ. ಅವನು ಪ್ರಪಂಚದ ಅನೇಕ ಕಡೆಗಳಿಗೆ ಕಳುಹಿಸಿದ ಬೆಳ್ಳಿಬಿಲ್ಲೆಯ ಪೈರ್‌ಹೀಲಿಯೊಮೀಟರ್ ಪೂಯೆಯ ಪಾತ್ರೆಯ ನೇರ ಸಂತಾನ. ನೀರಿನ ಬದಲು ಬೆಳ್ಳಿಯ ಒಂದು ಗಟ್ಟಿ ಬಿಲ್ಲೆ, ಅದರೊಳಗೆ ಹುದುಗಿಸಿದ ಉಷ್ಣತಾಮಾಪಕ. ಉಳಿದಂತೆ ಅದೇ ನೆರಳು, ಅದೇ ಬಿಸಿಲು, ಮತ್ತೆ ಅದೇ ನೆರಳು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್, ಆಲ್ಜೀರಿಯಾ, ಚಿಲಿ ಮುಂತಾದ ಒಣಹವೆಯ ಎತ್ತರದ ತಾಣಗಳಲ್ಲಿ ನಡೆದ ಸಾವಿರಾರು ಅಳತೆಗಳಿಂದ ಬೆಲೆಯು 1.94ರ ಆಸುಪಾಸಿನಲ್ಲಿ ನಿಂತಿತು. 1914ರಲ್ಲಿ ಅಮೆರಿಕದ ಒಮಾಹಾದಿಂದ ಬಲೂನಿನಲ್ಲಿ 20 ಕಿಲೋಮೀಟರಿಗೂ ಮೇಲಕ್ಕೆ ಕಳುಹಿಸಿದ ಸ್ವಯಂಚಾಲಿತ ಉಪಕರಣವು 1.84 ಎಂದು ದಾಖಲಿಸಿದಾಗ 3 ಕ್ಯಾಲೊರಿಯ ಸಾಧ್ಯತೆ ಪೂರ್ಣವಾಗಿ ಕೊನೆಗೊಂಡಿತು.

ಆದರೆ ಆಬಟ್‌ನ ಮನಸ್ಸು ಬೇರೆಡೆಗೆ ಹರಿದಿತ್ತು. ಪೂಯೆ ಸ್ಥಿರವೆಂದು ಕರೆದ ಅಂಕಿ ಸ್ಥಿರವಲ್ಲ, ಸೂರ್ಯನ ಪ್ರಭೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಅದನ್ನು ಅನುಸರಿಸಿ ಹವಾಮಾನವನ್ನು ಮುನ್ಸೂಚಿಸಬಹುದು ಎಂಬ ನಂಬಿಕೆ ಅವನಲ್ಲಿ ಬಲಿಯಿತು. ದೂರದ ಮರುಭೂಮಿಗಳಲ್ಲಿ ವೀಕ್ಷಣಾ ಕೇಂದ್ರಗಳನ್ನು ದಶಕಗಳ ಕಾಲ ನಡೆಸಿದ್ದು ಇದಕ್ಕಾಗಿಯೇ. ಅವನು ಕಂಡ ಏರಿಳಿತಗಳಲ್ಲಿ ಬಹುಪಾಲು ವಾಯುಮಂಡಲದವು, ಲೆಕ್ಕದಿಂದ ತಪ್ಪಿಸಿಕೊಂಡು ಉಳಿದವು ಎಂಬುದು ಅನಂತರ ನಿಶ್ಚಿತವಾಯಿತು. ಅರ್ಧ ಶತಮಾನದ ಅಷ್ಟು ಶ್ರದ್ಧೆಯ ದುಡಿಮೆಯ ಮುಖ್ಯ ಪ್ರತಿಪಾದನೆಯೇ ಹೀಗೆ ನಿಲ್ಲದೆ ಹೋದದ್ದು ವಿಜ್ಞಾನದ ಚರಿತ್ರೆಯಲ್ಲಿ ಖೇದಕರವಾದ ಒಂದು ಪ್ರಕರಣ.

ಪಾತ್ರೆಯ ನಷ್ಟಕ್ಕೆ ಇನ್ನೊಂದು, ಹೆಚ್ಚು ಜಾಣ್ಮೆಯ ಪರಿಹಾರ ಸ್ವೀಡನ್ನಿನಿಂದ ಬಂದಿತು. 1893ರಲ್ಲಿ ನುಟ್ ಓಂಗ್‌ಸ್ಟ್ರಾಮ್ ಮಸಿ ಬಳಿದ ಎರಡು ಸಮಾನವಾದ ಲೋಹದ ಪಟ್ಟಿಗಳನ್ನು ಬಳಸಿದನು. ಒಂದು ಬಿಸಿಲಿನಲ್ಲಿ, ಇನ್ನೊಂದು ನೆರಳಿನಲ್ಲಿ. ನೆರಳಿನ ಪಟ್ಟಿಯೂ ಅಷ್ಟೇ ಬಿಸಿಯಾಗುವವರೆಗೆ ಅದಕ್ಕೆ ವಿದ್ಯುತ್ತನ್ನು ಹರಿಸುವುದು. ಎರಡರ ಉಷ್ಣತೆಯೂ ಒಂದೇ ಆದಾಗ ಎರಡರ ನಷ್ಟವೂ ಒಂದೇ. ಆದ್ದರಿಂದ ನಷ್ಟವನ್ನು ಅಳೆಯುವ ಅಗತ್ಯವೇ ಬೀಳುವುದಿಲ್ಲ. ವಿದ್ಯುತ್ತಿನ ಪ್ರಮಾಣವೇ ಬಿಸಿಲಿನ ಪ್ರಮಾಣ.

ಭಾರತದಲ್ಲಿ ಬಿಸಿಲಿನ ಮಾಪನ ವ್ಯವಸ್ಥಿತವಾದ ರೂಪ ಪಡೆದದ್ದು ಈ ಓಂಗ್‌ಸ್ಟ್ರಾಮ್ ಉಪಕರಣಗಳನ್ನು ಆಧಾರವಾಗಿಟ್ಟುಕೊಂಡೇ. ಈ ಕಾರ್ಯದೊಂದಿಗೆ ಕೂಡಿಕೊಂಡಿರುವ ಹೆಸರು ಅನ್ನಾ ಮಣಿ (1918–2001) ಅವರದು. ತಿರುವಾಂಕೂರಿನ ಪೀರ್‌ಮೇಡಿನಲ್ಲಿ ಜನಿಸಿದ ಅವರು 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ.ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ ಹಾಗೂ ಮಾಣಿಕ್ಯಗಳ ರೋಹಿತಗಳನ್ನು ಅಧ್ಯಯನ ಮಾಡಿದರು. ಇಂಗ್ಲೆಂಡಿನಲ್ಲಿ ಹವಾಮಾನ ಉಪಕರಣಗಳ ತರಬೇತಿ ಪಡೆದು 1948ರಲ್ಲಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ದೇಶದ ಬೇರೆ ಬೇರೆ ಕಡೆ ಸೌರ ವಿಕಿರಣ ಮಾಪನ ಕೇಂದ್ರಗಳ ಜಾಲವೊಂದು ಅವರ ನೇತೃತ್ವದಲ್ಲಿ ರೂಪುಗೊಂಡಿತು. ಆಮದು ಉಪಕರಣಗಳನ್ನೇ ನೆಚ್ಚಿಕೊಳ್ಳದೆ ಪುಣೆಯಲ್ಲಿಯೇ ಅವುಗಳನ್ನು ತಯಾರಿಸುವ, ತಯಾರಾದುದನ್ನು ಪ್ರಮಾಣ ಉಪಕರಣದೊಂದಿಗೆ ಹೋಲಿಸಿ ತಿದ್ದುವ ಪದ್ಧತಿಯನ್ನು ಅವರು ನೆಲೆಗೊಳಿಸಿದರು.

ಇಲ್ಲಿ ಪ್ರಶ್ನೆಯೇ ತಿರುಗಿ ನಿಂತಿತೆಂಬುದನ್ನು ಗಮನಿಸಬೇಕು. ಪೂಯೆಯಿಂದ ಆಬಟ್‌ವರೆಗಿನವರಿಗೆ ವಾಯುಮಂಡಲವು ನಿವಾರಿಸಬೇಕಾದ ಅಡ್ಡಿ. ಕೃಷಿ, ನೀರಾವರಿ, ಸೌರಶಕ್ತಿಗಳನ್ನು ಕುರಿತು ಯೋಚಿಸುವವರಿಗೆ ಬೇಕಾದುದು ಗಾಳಿಯ ಆಚೆಗಿನ ಬಿಸಿಲಲ್ಲ. ಮೋಡ, ಧೂಳು, ನೀರಾವಿಗಳೆಲ್ಲ ತಮ್ಮ ಪಾಲನ್ನು ತೆಗೆದುಕೊಂಡ ಬಳಿಕ ನೆಲಕ್ಕೆ ನಿಜವಾಗಿ ತಲುಪುವ ಬಿಸಿಲು. ಆಷಾಢದ ಕರಾವಳಿಗೂ ಅದೇ ದಿನಗಳ ಬಯಲುಸೀಮೆಗೂ ಸೌರ ಸ್ಥಿರಾಂಕ ಒಂದೇ. ನೆಲಕ್ಕೆ ಬೀಳುವ ಬಿಸಿಲು ಒಂದೇ ಅಲ್ಲ. ಪೂಯೆ ಕಳೆದುಹಾಕಿದ ಆಕಾಶದ ಚದುರಿದ ಬೆಳಕನ್ನು ಈ ಲೆಕ್ಕದಲ್ಲಿ ಕೂಡಿಸಬೇಕಾಗುತ್ತದೆ. 1976ರಲ್ಲಿ ಇಲಾಖೆಯಿಂದ ನಿವೃತ್ತರಾದ ಅನ್ನಾ ಮಣಿ ಮತ್ತೆ ಬೆಂಗಳೂರಿಗೆ ಬಂದು ರಾಮನ್ ಸಂಶೋಧನ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಕೆಲಸ ಮಾಡಿದರು. ಭಾರತದ ಸೌರ ವಿಕಿರಣದ ಅಂಕಿ ಅಂಶಗಳ ಕೈಪಿಡಿ 1980ರಲ್ಲಿ ಹೊರಬಂದಿತು. ಅದರ ಬೆನ್ನಿಗೇ ರಂಗರಾಜನ್ ಅವರೊಡನೆ ಸಿದ್ಧಪಡಿಸಿದ, ದೇಶದ ಮೇಲಿನ ಸೌರ ವಿಕಿರಣವನ್ನು ಕುರಿತ ಸಂಪುಟವೂ ಪ್ರಕಟವಾಯಿತು. ಸೌರಶಕ್ತಿಯ ಯೋಜನೆಗಳಿಗೆ ಈ ಎರಡು ಗ್ರಂಥಗಳು ಬಹುಕಾಲ ಆಧಾರವಾದವು. ಬಿಸಿಲು ಮತ್ತು ಗಾಳಿಗಳನ್ನು ಅಳೆಯುವ ಉಪಕರಣಗಳ ಒಂದು ಚಿಕ್ಕ ಕಾರ್ಖಾನೆಯನ್ನೂ ಅವರು ಬೆಂಗಳೂರಿನಲ್ಲಿ ನಡೆಸಿದರು.

ವಾಯುಮಂಡಲದ ಆಚೆಗೆ ಉಪಕರಣವೇ ಹೋಗಲು ಸಾಧ್ಯವಾದಾಗ ಎರಡನೆಯ ನಷ್ಟ ಇಲ್ಲವಾಯಿತು. 1978ರಲ್ಲಿ ಹಾರಿದ ನಿಂಬಸ್-7 ಮತ್ತು 1980ರ ಸೋಲಾರ್ ಮ್ಯಾಕ್ಸಿಮಮ್ ಮಿಷನ್ ಉಪಗ್ರಹಗಳು ಸೂರ್ಯನ ಪ್ರಭೆಯನ್ನು ಎಡೆಬಿಡದೆ ಅಳೆಯತೊಡಗಿದವು. ಸೂರ್ಯನ ಹನ್ನೊಂದು ವರ್ಷಗಳ ಚಕ್ರದೊಡನೆ ಅದು ಸಾವಿರಕ್ಕೆ ಒಂದರಷ್ಟು ಏರಿಳಿಯುತ್ತದೆಂದೂ, ಕಲೆಗಳು ಹೆಚ್ಚಿದ್ದಾಗಲೇ ಸೂರ್ಯ ಹೆಚ್ಚು ಪ್ರಕಾಶಮಾನವಾಗಿರುತ್ತಾನೆಂದೂ ತಿಳಿದುಬಂದಿತು. ಏರಿಳಿತವಿದೆ ಎಂಬಷ್ಟರ ಮಟ್ಟಿಗೆ ಆಬಟ್‌ನ ಮಾತು ನಿಂತಿತು. ನೆಲದ ಮೇಲಿನ ಅವನ ಉಪಕರಣಗಳಿಗೆ ನಿಲುಕುವ ಪ್ರಮಾಣದ ಏರಿಳಿತ ಮಾತ್ರ ಅದಾಗಿರಲಿಲ್ಲ.

ಮೊದಲನೆಯ ನಷ್ಟದ ತೊಡಕು ಮಾತ್ರ ಅಂತರಿಕ್ಷಕ್ಕೂ ಜೊತೆಯಲ್ಲಿಯೇ ಹೋಯಿತು, ಈ ಸಲ ತಿರುಗುಮುರುಗಾಗಿ. ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ಉಪಗ್ರಹಗಳ ಅಂಕಿಗಳು 1365–1366 ವ್ಯಾಟ್‌ಗಳ ಸುತ್ತ ಒಮ್ಮತಕ್ಕೆ ಬಂದಿದ್ದವು. 2003ರ ಜನವರಿಯಲ್ಲಿ ಹಾರಿದ ಸೋರ್ಸ್ ಉಪಗ್ರಹದ ಉಪಕರಣ 1361 ಎಂದಿತು. ಐದು ವ್ಯಾಟ್‌ಗಳ ಈ ವ್ಯತ್ಯಾಸ ಸೂರ್ಯನ ಇಡೀ ಚಕ್ರದ ಏರಿಳಿತಕ್ಕಿಂತ ದೊಡ್ಡದು. ಹೊಸ ಉಪಕರಣವೇ ತಪ್ಪಿರಬೇಕೆಂಬುದು ಮೊದಲ ಅನಿಸಿಕೆಯಾಗಿತ್ತು. ವಿಚಾರಣೆ ನಡೆದಾಗ ದೋಷ ಹಳೆಯವುಗಳಲ್ಲಿ ಕಂಡಿತು. ಅವುಗಳಲ್ಲಿ ಕಿರಣದ ಅಗಲವನ್ನು ನಿರ್ಣಯಿಸುವ ನಿಖರವಾದ ರಂಧ್ರ ಒಳಗಡೆ ಇತ್ತು, ಅದಕ್ಕಿಂತ ದೊಡ್ಡ ರಂಧ್ರ ಮುಂದೆ ಇತ್ತು. ದೊಡ್ಡ ರಂಧ್ರದಿಂದ ನುಗ್ಗಿದ ಹೆಚ್ಚಿನ ಬೆಳಕು ಒಳಗಿನ ಗೋಡೆಗಳಿಗೆ ತಾಗಿ ಚದುರಿ, ಲೆಕ್ಕಕ್ಕೆ ಸೇರಬಾರದ ಒಂದು ಪಾಲು ಪಾತ್ರೆಯೊಳಗೆ ಬೀಳುತ್ತಿತ್ತು. ಹೊಸದರಲ್ಲಿ ನಿಖರವಾದ ರಂಧ್ರವನ್ನೇ ಮುಂದಿಡಲಾಗಿತ್ತು. 2011ರಲ್ಲಿ ಕಾಪ್ ಮತ್ತು ಲೀನ್ ಪ್ರಕಟಿಸಿದ ಬೆಲೆ 1360.8 ವ್ಯಾಟ್, ಅನಿಶ್ಚಿತತೆ ಅರ್ಧ ವ್ಯಾಟ್. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 1361 ಎಂಬ ಪೂರ್ಣಾಂಕವನ್ನು ಅಂಗೀಕರಿಸಿತು.

ಸೋರ್ಸ್ ಉಪಕರಣದ ಒಳಭಾಗ ಓಂಗ್‌ಸ್ಟ್ರಾಮ್‌ನ ಮಾದರಿಯದು: ಕಪ್ಪು ಲೇಪದ ಶಂಕುವಿನಾಕಾರದ ಪಾತ್ರೆಗಳು, ಅವುಗಳ ಉಷ್ಣತೆಯನ್ನು ಸಮವಾಗಿಡುವ ವಿದ್ಯುತ್ತು. ಅವುಗಳ ಮುಂದಿನ ಮುಚ್ಚಳ ನಿಮಿಷಕ್ಕೆ ಹತ್ತಿರದ ಅವಧಿಯಲ್ಲಿ ಒಮ್ಮೆ ತೆರೆದು ಒಮ್ಮೆ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದಾಗಿನ ವಿದ್ಯುತ್ತಿಗೂ ತೆರೆದಾಗಿನ ವಿದ್ಯುತ್ತಿಗೂ ಇರುವ ವ್ಯತ್ಯಾಸವನ್ನೇ ಸೂರ್ಯನ ಪ್ರಭೆಯೆಂದು ದಾಖಲಿಸಲಾಗುತ್ತಿತ್ತು. ಪೂಯೆ ತನ್ನ ಪಾತ್ರೆಯ ಮುಂದೆ ಮರೆಯನ್ನು ಹಿಡಿದು ತೆಗೆಯುತ್ತಿದ್ದುದಕ್ಕೂ ಇದಕ್ಕೂ ಕ್ರಮದಲ್ಲಿ ಭೇದವಿಲ್ಲ. ಆ ಉಪಗ್ರಹ 2020ರ ಫೆಬ್ರವರಿಯವರೆಗೆ ಹದಿನೇಳು ವರ್ಷಗಳ ಕಾಲ ಕಾರ್ಯ ನಿರ್ವಹಿಸಿತು.